ಹದಿನೆಂಟು ಡಬ್ಬಿಯ ಲೆಕ್ಕ

ಇದು ವಿಶಾಖಪಟ್ಟಣದಲ್ಲಿ ನಡೆದದ್ದು. ಅಪ್ಪನಿಗೆ ಬಂದರಿನಲ್ಲಿ ಕೆಲಸ; ದಾವಣಗೆರೆ ಬಿಟ್ಟು ಹೋಗಿ ಅಲ್ಲಿ ಮನೆ ಮಾಡಿದ್ದೆವು. 1976ರಲ್ಲಿ ಹೊರಬಂದರು ತೆರೆದ ಮೇಲೆ ಜಪಾನಿಗೆ ಅದಿರು ಒಯ್ಯುವ ದೊಡ್ಡ ಹಡಗುಗಳು ಅಲ್ಲಿಗೇ ಬರುತ್ತಿದ್ದವು. ಬೈಲಾಡಿಲದ ಗಣಿಯ ಅದಿರು ಕಿರಂದುಲ್–ಕೊತ್ತವಲಸ ಹಳಿಯ ಮೇಲೆ ಪೂರ್ವಘಟ್ಟ ಇಳಿದು ಬರುತ್ತಿತ್ತು. ಒಣಹಾಕಿದ ಬಟ್ಟೆಗೂ ಅದರದೇ ಕೆಂಪು ಧೂಳು.

ನಮ್ಮ ಐದನೇ ಕ್ಲಾಸಿನ ಮೇಡಂ ದಿನಾ ಹಾಜರಿ ಕೂಗಿದ ಕೂಡಲೇ ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆಯುತ್ತಿದ್ದರು. ಹತ್ತು ನಿಮಿಷ, ಅಷ್ಟೇ. ಪೆನ್ಸಿಲ್ ಮುಟ್ಟುವಂತಿಲ್ಲ, ಉತ್ತರ ಕೂಗುವಂತಿಲ್ಲ; ಹೊಳೆದವರು ಕೈಕಟ್ಟಿ ಕೂರಬೇಕು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ತೆಲುಗಿನಲ್ಲಿ ಕೇಳುತ್ತಿದ್ದರು, “ಎಲಾ ಚೇಶಾವು?” ಹೇಗೆ ಮಾಡಿದೆ, ಹೇಳು ಅಂತ. ಅಜ್ಜಿ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಇಪ್ಪತ್ತರ ತನಕ ಮಗ್ಗಿ ಒಪ್ಪಿಸಿ ಬೆಳೆದವಳು ನಾನು. ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಒಂದು ದಿನ ಬರೆದರು: ಗೂಡ್ಸ್ ರೈಲಿನ ಒಂದು ಡಬ್ಬಿಯಲ್ಲಿ 55 ಟನ್ ಅದಿರು, 18 ಡಬ್ಬಿಗೆ ಎಷ್ಟು? ನಾನು 50ಕ್ಕೆ 900, 5ಕ್ಕೆ 90, ಕೂಡಿಸಿ 990 ಅಂದೆ. ಇನ್ನೊಬ್ಬಳು ಇಪ್ಪತ್ತು ಡಬ್ಬಿಗೆ 1100 ಹಿಡಿದು, ಹೆಚ್ಚಾದ ಎರಡನ್ನು ಕಳೆದಳು. ಆಗ ಎದ್ದು ನಿಂತವನು ಬಂದರಿನ ಕಲಾಸಿಯೊಬ್ಬರ ಮಗ, ಎಂದೂ ಬಾಯಿ ಬಿಡದ ಹುಡುಗ. “ಗೂಡ್ಸ್ ಹೋಗುವಾಗ ನಾನು ಎರಡೆರಡು ಡಬ್ಬಿ ಎಣಿಸ್ತೀನಿ ಮೇಡಂ. ಜೋಡಿಗೆ 110. ಒಂಬತ್ತು ಜೋಡಿ.” ಮೇಡಂ ಏನೂ ಅನ್ನದೆ ಅವನ ಕೈಗೇ ಸೀಮೆಸುಣ್ಣ ಕೊಟ್ಟರು. ಅವನು ಬರೆದ: 9 × 110. ಇಡೀ ಕ್ಲಾಸು ತಿರುಗಿ ಅವನನ್ನು ನೋಡಿತು.

ಮಗ್ಗಿ ಬೇಡ ಅಂತ ನಾನು ಎಂದೂ ಹೇಳುವುದಿಲ್ಲ. ಒಂಬತ್ತರದ್ದು ಬಾರದಿದ್ದರೆ ಅವನಿಗೂ ಕೈಗೂಡುತ್ತಿರಲಿಲ್ಲ. ಆದರೆ ಆ ಹುಡುಗನ ತಲೆಯೊಳಗೆ ಇಷ್ಟು ಚಂದದ ಲೆಕ್ಕ ಓಡುತ್ತಿದೆ ಅನ್ನುವುದು ಯಾವ ಪರೀಕ್ಷೆಯಲ್ಲೂ ಗೊತ್ತಾಗಿರಲಿಲ್ಲ. ದಿನಾ ಕೇಳುತ್ತಲೇ ಇದ್ದುದರಿಂದ ಅವನಿಗೆ ಧೈರ್ಯ ಬಂತು. ತಿಂಗಳಿಗೊಮ್ಮೆ ಕೇಳಿದ್ದರೆ ಬರುತ್ತಿತ್ತೇ?

ಮರುದಿನ ಮೇಡಂ ಬೇಕೆಂದೇ 17 ಡಬ್ಬಿ ಕೊಟ್ಟರು. ಎಲ್ಲರೂ ಜೋಡಿ ಮಾಡಹೊರಟು ಸಿಕ್ಕಿಕೊಂಡೆವು. ಕೊನೆಯ ಬೆಂಚಿನಿಂದ ಒಬ್ಬಳು ಎದ್ದಳು: “ಗಾರ್ಡ್ ಕಡೆಯ ಒಂದು ಡಬ್ಬಿ ಬಿಟ್ಟುಬಿಡೋಣ ಮೇಡಂ. ಎಂಟು ಜೋಡಿಗೆ 880. ಬಿಟ್ಟಿದ್ದರ 55 ಸೇರಿಸಿ 935.”