ಗವಿಮಠದ ಬಂಡೆಯಿಂದ ಯಲಬುರ್ಗಿಯ ಪಡಸಾಲೆಗೆ

ನಾವು ಕೊಪ್ಪಳವನ್ನು ಸೇರಿದಾಗ ಸೂರ್ಯನು ಗವಿಮಠದ ಗುಡ್ಡವನ್ನೇರಿದ್ದನು. ಅಲ್ಲಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವೊಂದಿರುವುದು. ಉಪಾಸಕನಾದ ಮೇಲೂ ತಾನು ಒಂದು ವರುಷ ತಕ್ಕಷ್ಟು ಪ್ರಯತ್ನಪಡಲಿಲ್ಲವೆಂದು ದೊರೆಯು ಅದರಲ್ಲಿ ಒಪ್ಪಿಕೊಂಡಿರುವನು. ಪ್ರಯತ್ನಿಸಿದರೆ ಸಣ್ಣವನೂ ಮಹಾಫಲವನ್ನು ಪಡೆಯಬಲ್ಲನೆಂದು ಸಾರಿರುವನು.

ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆ, ಹಸುರು ಬತ್ತದ ಗದ್ದೆ. ಕುಷ್ಟಗಿಯಲ್ಲಿ ಮಳೆಯ ಹಾದಿ ಕಾಯುವ ಸಜ್ಜೆಯ ಹೊಲ, ಗುಳೆ ಹೋದವರ ಬೀಗ ಬಿದ್ದ ಮನೆ. ನೀರಿದ್ದ ಕಡೆಯೂ ಇಲ್ಲದ ಕಡೆಯೂ ಕುಡಿತದ ಕಥೆ ಮಾತ್ರ ಒಂದೇ. ಸರಕಾರವು 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿತು. ಸೀಸೆಯ ಮದ್ಯವು ಉಳಿಯಿತು. 2019ರ ಜನವರಿಯಲ್ಲಿ ಹೆಂಗಸರು ಪೂರ್ಣ ನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಕಾನೂನು ಅಂಗಡಿಯನ್ನು ಮುಚ್ಚಿಸಬಲ್ಲದು. ಮನಸ್ಸನ್ನು ತಿರುಗಿಸುವ ಬಗೆ ಯಾವುದು?

ಯಲಬುರ್ಗಿಯಲ್ಲಿ ನಮ್ಮ ಬಂಧುವೊಬ್ಬನ ಪಡಸಾಲೆಯಲ್ಲಿ ಅದನ್ನು ಕಂಡೆವು. ಆತನನ್ನು ನಾವೇ ಎಷ್ಟೋ ಸಲ ಗದರಿಸಿದ್ದೆವು, ಆಣೆ ಹಾಕಿಸಿದ್ದೆವು, ಫಲವಾಗಿರಲಿಲ್ಲ. ಅಂದು ಬಂದಿದ್ದ ಆಪ್ತಸಮಾಲೋಚಕರು ಉಪದೇಶಿಸದೆ ಕೇಳಿದರು:

“ಅಣ್ಣಾರ, ಕುಡಿತದಿಂದ ನಿಮಗ ಏನ್ ಸಿಕ್ಕೈತಿ, ಏನ್ ಹೋಗೇತಿ?”

“ದಣಿವು ಮರೀತೈತ್ರಿ. ಆದ್ರ ಮಗಳು ನನ್ನ ಕಂಡ ಕೂಡ್ಲೆ ಒಳಗ ಹೋಗ್ತಾಳ.”

“ಬಿಡತೀನಿ ಅನ್ನೋ ಧೈರ್ಯ ಹತ್ತಕ್ಕ ಎಷ್ಟ್ ಐತಿ?”

“ಮೂರು.”

“ಸೊನ್ನೆ ಯಾಕಲ್ಲ?”

ಆತನು ತಡೆದು ಹೇಳಿದನು: “ಹ್ವಾದ ಶ್ರಾವಣದಾಗ ಒಂದು ತಿಂಗಳು ಮುಟ್ಟಿದ್ದಿಲ್ರಿ.”

ಕಾರಣವೂ ಬಲವೂ ಆತನ ಬಾಯಿಂದಲೇ ಹೊರಟವು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಬರೆದು ತಿಳಿಸಿದ ಕ್ರಮವಿದು: ಕುಡಿಯುವವನೊಡನೆ ವಾದಿಸಿದರೆ ಅವನು ಕುಡಿತದ ಪಕ್ಷವನ್ನೇ ವಹಿಸುವನು, ಆದರದಿಂದ ಕೇಳಿದರೆ ಬಿಡುವ ಪಕ್ಷವನ್ನು ತಾನೇ ಹಿಡಿಯುವನು. ಗೋವೆಯ ಆರೋಗ್ಯಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರು ಇಂತಹ ಸಮಾಲೋಚನೆ ನಡೆಸಿದರು. 2017ರಲ್ಲಿ ಪ್ರಕಟವಾದ ಫಲದಂತೆ, ಮೂರು ತಿಂಗಳಲ್ಲಿ ಹಾನಿಕರ ಕುಡಿತದಿಂದ ಪಾರಾದವರು ನೂರಕ್ಕೆ 36. ವಾಡಿಕೆಯ ಆರೈಕೆ ಮಾತ್ರ ಪಡೆದವರಲ್ಲಿ 26. ಎಲ್ಲರೂ ಗೆಲ್ಲುವುದಿಲ್ಲ; ಆದರೆ ಒಂದೊಂದು ಅಂಕಿಯೂ ಒಂದು ಮನೆಯಲ್ಲವೇ?

ಗೃಹಸ್ಥರು ಒಂದನ್ನು ಮರೆಯಲಾಗದು. ಬಹುಕಾಲ ನಿತ್ಯ ವಿಪರೀತವಾಗಿ ಕುಡಿದವನು ಫಕ್ಕನೆ ನಿಲ್ಲಿಸಿದರೆ ನಡುಕ, ಭ್ರಮೆ, ಸೆಳವು ಬಂದು ಪ್ರಾಣಕ್ಕೂ ಅಪಾಯವುಂಟು; ವೈದ್ಯರ ಆಸರೆಯಲ್ಲಿಯೇ ಬಿಡಿಸಬೇಕು. ಸಲಹೆಗೆ ಸರಕಾರದ ಟೆಲಿ ಮಾನಸ್ ದೂರವಾಣಿ 14416 ಇರುವುದು.

ಹೊರಡುವಾಗ ಬಂಧುವು, “ಸೋಮವಾರ ದವಾಖಾನಿಗೆ ಹೋಗ್ತೀನ್ರಿ” ಎಂದನು. ಹೋಗೆಂದು ಯಾರೂ ಹೇಳಿರಲಿಲ್ಲ. ನಾವು ಈ ಸಲ ಆಣೆ ಹಾಕಿಸಲಿಲ್ಲ, “ಜೊತೆಗೆ ಬರಲೇ?” ಎಂದಷ್ಟೇ ಕೇಳಿದೆವು.