ಕೆಸರಿನಲ್ಲಿ ಸಾರಥ್ಯ

ಶಹಾಪುರ ತಾಲೂಕಿನ ಶಿರವಾಳವು ಪ್ರಾಚೀನ ದೇವಾಲಯಗಳ ಗ್ರಾಮ. ಆ ಸೀಮೆಯಲ್ಲಿ ಎರೆನೆಲವೇ ಬಹಳ. ಬೇಸಗೆಯಲ್ಲಿ ಬಿರಿದು ಬಾಯ್ದೆರೆಯುವ ಈ ಮಣ್ಣು ಮಳೆ ಬಿದ್ದೊಡನೆ ನೀರುಂಡು ಉಬ್ಬಿ, ಎಣ್ಣೆ ಸವರಿದಂತೆ ನುಣುಪಾಗುವುದು. ಹೊಲದಿಂದ ಬಂದ ಗಾಡಿಗಳ ಗಾಲಿಗಂಟಿದ ಎರೆಯು ಡಾಂಬರಿನ ಮೇಲುದುರಿ ನೆನೆದರೆ, ಅಲ್ಲಿ ಕಾರಿನ ಹಿಂಬದಿಯು ಫಕ್ಕನೆ ಪಕ್ಕಕ್ಕೆ ಸರಿಯುವುದುಂಟು.

ಆಗ ಭೀತನಾದ ಚಾಲಕನ ಕಾಲು ತಾನಾಗಿಯೇ ಬ್ರೇಕನ್ನು ಮೆಟ್ಟುವುದು. ಅಪಾಯವಿರುವುದು ಅಲ್ಲಿಯೇ. ಉರುಳುವ ಚಕ್ರವು ನೆಲವನ್ನು ಹಿಡಿಯುವುದು. ಬಿಗಿದು ನಿಂತ ಚಕ್ರವು ಬರಿದೆ ಜಾರುವುದು. ಆದುದರಿಂದ ಬಲ್ಲವನು ಬ್ರೇಕನ್ನು ಮುಟ್ಟದೆ, ವೇಗದ ಪೆಡಲಿನಿಂದ ಕಾಲನ್ನು ಮೆಲ್ಲನೆ ತೆಗೆಯುವನು. ಹಿಂಬದಿಯು ಎಡಕ್ಕೆ ಜಾರಿದರೆ ಸ್ಟೀರಿಂಗನ್ನೂ ಎಡಕ್ಕೇ ತಿರುಹಿ, ಹೋಗಬೇಕಾದ ದಾರಿಯಲ್ಲಿ ದೃಷ್ಟಿಯಿಟ್ಟು, ಕಾರು ನೆಟ್ಟಗಾಗತೊಡಗಿದೊಡನೆ ಅದನ್ನು ಹಿಂದಕ್ಕೆ ತರುವನು. ತಡಮಾಡಿದರೆ ಕಾರು ಇನ್ನೊಂದು ಮಗ್ಗುಲಿಗೆ ಬೀಸುವುದು.

ಚಕ್ರವು ಬಿಗಿಯದಂತೆ ಕಾಯುವ ಎ.ಬಿ.ಎಸ್. ಸಾಧನವು 2019ರ ಏಪ್ರಿಲಿನಿಂದ ಭಾರತದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಆದರೆ ನೆಲದಲ್ಲಿಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು. ಕೆಸರು ಕಂಡಾಗಲೇ ವೇಗ ತಗ್ಗಿಸುವುದು ಉತ್ತಮ ಪಕ್ಷ.

ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಮನಸ್ಸನ್ನು ಲಗಾಮೆಂದೂ ಹೇಳುತ್ತದೆ. ಹಿಂದೆ ಕುಳಿತ ಮಡದಿಮಕ್ಕಳ ಪ್ರಾಣವು, ಆ ಒಂದು ಗಳಿಗೆಯಲ್ಲಿ ಲಗಾಮು ಭಯದ ಕೈಸೇರದಿರುವುದರ ಮೇಲೆಯೇ ನಿಂತಿರುತ್ತದೆ.