ನಿಂತಲ್ಲೇ ಒದರೋ ಗಾಡಿ

ಹೋದ ಶ್ರಾವಣದ ಮಾತು. ನಮ್ಮ ಹಳೇ ಪೆಟ್ರೋಲ್ ಕಾರು ನಿಂತಲ್ಲೇ ಗುರ್ ಅಂತ ಒದರಲಿಕ್ಕೆ ಶುರು ಮಾಡ್ತು. ಗೇರ್ ನ್ಯೂಟ್ರಲ್‌ದಾಗ ಅದ, ನನ್ನ ಕಾಲು ಆಕ್ಸಿಲರೇಟರ್ ಮ್ಯಾಲೆ ಇಲ್ಲ, ಆದ್ರೂ ಯಾರೋ ಒತ್ತಿಕೊಂಡೇ ಕೂತಾರೇನೋ ಅನ್ನೋ ಹಂಗ ಸದ್ದು. ಮುಂಜಾನೆ ಥಂಡಿ ಇದ್ದಾಗ ಎಲ್ಲಾ ಗಾಡಿನೂ ಸ್ವಲ್ಪ ಜೋರಾಗೇ ತಿರುಗ್ತಾವ, ಎಂಜಿನ್ ಬಿಸಿ ಆದ್ಮ್ಯಾಲೆ ತಾವಾಗೇ ಇಳೀತಾವ. ನಮ್ಮದು ಬಿಸಿ ಆದ್ರೂ ಇಳೀಲಿಲ್ಲ. 800–900ರ ಹತ್ತಿರ ಇರೋ ಆರ್‌ಪಿಎಂ ಮುಳ್ಳು 1,600 ಬಿಟ್ಟು ಕೆಳಗ ಬರವಲ್ದು.

ಒಂದು ತಿಂಗಳು ಸುಮ್ಮ ಓಡಿಸಿದೆ, ಅದು ನನ್ನ ತಪ್ಪು. ನಮ್ಮವರು ನೌಕರಿಗೆ ಬ್ಯಾರೆ ಊರಾಗ ಇರ್ತಾರ. ಅತ್ತಿಯವರಿಗೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಯೊಳಗ ಡಯಾಲಿಸಿಸ್. ಧಾರವಾಡದಿಂದ ಸುಮಾರು 20 ಕಿಲೋಮೀಟರ್ ನಾನೇ ಕರಕೊಂಡು ಹೋಗ್ಬೇಕು. ಗಾಡಿ ಗ್ಯಾರೇಜಿಗೆ ಬಿಟ್ರ ಆ ವಾರ ಹೆಂಗ ಅನ್ನೋ ಚಿಂತಿ.

ಒಂದು ದಿನ ದವಾಖಾನಿಯಿಂದ ವಾಪಸ್ ಬರೋವಾಗ, ಗದ್ದಲದಾಗ ಕ್ಲಚ್ ಬಿಟ್ಟ ಕೂಡ್ಲೆ ಗಾಡಿ ತಾನೇ ಮುಂದ ಜಗ್ಗಿತು. ಎದುರಿಗೆ ಎಳನೀರಿನ ಕೈಗಾಡಿ. ಬ್ರೇಕ್ ಒತ್ತಿದ್ರ ಕಲ್ಲಿನ ಹಂಗ ಗಟ್ಟಿ. ಎರಡೂ ಕಾಲು ಹಾಕಿ ಒತ್ತಿದೆ, ಒಂದು ಗೇಣು ದೂರದಾಗ ನಿಂತಿತು. ಅತ್ತಿಯವರು ಒಂದು ಮಾತೂ ಆಡ್ಲಿಲ್ಲ. ಸೂಜಿ ಚುಚ್ಚಿದ ಕೈಯನ್ನ ಎದಿಗೆ ಅವಚಿಕೊಂಡು ಕೂತಿದ್ರು. ಅವತ್ತು ರಾತ್ರಿ ನನಗ ನಿದ್ದಿ ಬರ್ಲಿಲ್ಲ.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಅವ್ರು ಬಾನೆಟ್ ತೆಗೆದು ಒಂದು ಸ್ಕ್ರೂ ತಿರುವಿ ಸದ್ದು ಇಳಿಸಿ ಕಳಿಸಿದ್ರು. ಎರಡು ದಿನ ಛಲೋ ಇತ್ತು, ಮೂರನೇ ದಿನ ಮತ್ತ ಅದೇ ಹಾಡು. ಮತ್ತ ಹೋದ್ರ, "ಥ್ರಾಟಲ್ ಬಾಡಿನೇ ಬದಲಿ ಮಾಡ್ಬೇಕ್ರಿ, 14 ಸಾವಿರ ಆಗ್ತದ" ಅಂದ್ರು. "ಮನ್ಯಾಗ ಕೇಳಿ ಹೇಳ್ತೀನಿ" ಅಂತ ಎದ್ದು ಬಂದೆ. ನಾವು ಹೆಣ್ಣುಮಕ್ಕಳು ಎಲ್ಲಾ ಕಡೆ ಹೇಳೋ ಮಾತು ಅದೇ ಅಲ್ಲ?

ಮನಿಗೆ ಬಂದು ಸೆರಗು ಬಿಗಿದು ಸಿಗಿಸಿ, ಬಳಿ ತೆಗೆದಿಟ್ಟು, ನಾನೇ ಬಾನೆಟ್ ಎತ್ತಿದೆ. ಮೊದಲು ಕಾಲಾಗಿನ ಮ್ಯಾಟ್ ಪೆಡಲ್ ಮ್ಯಾಲೆ ಏರಿ ಕೂತದೇನು ನೋಡಿದೆ, ಇಲ್ಲ. ಆಕ್ಸಿಲರೇಟರ್ ಕೇಬಲ್ ಬಿಗಿ ಆಗ್ಯದೇನು ಮುಟ್ಟಿ ನೋಡಿದೆ, ಸ್ವಲ್ಪ ಸಡಿಲನೇ ಇತ್ತು, ಹಂಗೇ ಇರ್ಬೇಕು. ಆಮ್ಯಾಲೆ ಗಾಡಿ ಚಾಲೂ ಮಾಡಿ, ಫ್ಯಾನ್ ಮತ್ತ ಬೆಲ್ಟಿನಿಂದ ದೂರ ನಿಂತು ಕಿವಿ ಕೊಟ್ಟೆ.

ಗುರ್ ಅನ್ನೋದರ ಒಳಗ ಇನ್ನೊಂದು ಸಣ್ಣ ಸದ್ದು ಇತ್ತು. ಸುಸ್ಸ್ ಅಂತ. ಕುಕ್ಕರಿನ ರಬ್ಬರ್ ಹೋದಾಗ ಸೀಟಿ ಬರದನ ಬಾಜೂಕಿಂದ ಬರ್ತದಲ್ಲ, ಥೇಟ್ ಅದೇ.

ನಮ್ಮ ಓಣಿಯ ತುದಿಗೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದಾರ. ಅವರ ಹತ್ತಿರ ಹೋಗಿ, "ಸದ್ದು ಕಡಿಮಿ ಮಾಡ್ರಿ" ಅನ್ನಲಿಲ್ಲ. "ಬಿಸಿ ಆದ್ರೂ ಇಳೀವಲ್ದು, ಎಸಿ ಹಚ್ಚಿದ್ರೂ ಬಿಟ್ರೂ ಹಂಗೇ ಅದ, ಬ್ರೇಕ್ ಗಟ್ಟಿ ಆಗ್ತದ, ಒಳಗ ಸುಸ್ ಅಂತದ" ಅಂದೆ. ಅವ್ರು ನನ್ನ ಮುಖ ನೋಡಿ, "ಅಕ್ಕಾರ, ಅರ್ಧಾ ಕೆಲಸ ನೀವೇ ಮಾಡೀರಿ" ಅಂದ್ರು. ಎಂಜಿನ್ನಿಂದ ಬ್ರೇಕಿನ ಕಡೆ ಹೋಗೋ ದಪ್ಪ ರಬ್ಬರ್ ಪೈಪನ್ನ ಬುಡದಾಗ ಇಕ್ಕಳದಿಂದ ಒತ್ತಿ ಹಿಡಿದ್ರು. ಮುಳ್ಳು 1,600ರಿಂದ ಸರಕ್ಕನೆ 850ಕ್ಕ ಇಳೀತು. ಬಿಟ್ರು, ಮತ್ತ ಏರಿತು. ಪೈಪಿನ ಕೆಳಮಗ್ಗಲ ಸೀಳಿತ್ತು, ಮ್ಯಾಲಿಂದ ಕಾಣ್ತಿರಲಿಲ್ಲ.

ಅವ್ರು ತಿಳಿಸಿ ಹೇಳಿದ್ದು ಇಷ್ಟು. ಎಂಜಿನ್ ನಮ್ಮ ಹಂಗ ಉಸಿರು ಎಳಕೋತದ. ಉಸಿರು ಹೋಗೋ ಬಾಗಿಲು ಥ್ರಾಟಲ್. ಕಾಲು ತೆಗೆದಾಗ ಅದು ಹೆಚ್ಚುಕಡಿಮಿ ಮುಚ್ಚಿರ್ತದ, ಒಳಗ ಜೋರಾದ ಸೆಳೆತ ಇರ್ತದ. ಆ ಸೆಳೆತದ ಬಲದ ಮ್ಯಾಲೇನೇ ಬ್ರೇಕ್ ನಮ್ಮ ಕಾಲಿಗೆ ಹಗುರ ಆಗೋದು. ಪೈಪ್ ಸೀಳಿದ್ರ ಬಾಗಿಲು ಬಿಟ್ಟು ಗ್ವಾಡಿ ತೂತಿನಿಂದ ಗಾಳಿ ಒಳಗ ಹೊಕ್ಕೋತದ. ಹೆಚ್ಚಿಗೆ ಗಾಳಿ ಬಂತು ಅಂತ ಗಾಡಿಯ ಕಂಪ್ಯೂಟರ್ ಪೆಟ್ರೋಲೂ ಹೆಚ್ಚಿಗೆ ಬಿಡ್ತದ. ಅದಕ್ಕೇ ಆ ಒದರಾಟ. ಈ ಕಡೆ ಸೆಳೆತ ಕಡಿಮಿ ಆಗಿ ಬ್ರೇಕ್ ಗಟ್ಟಿ. ಎರಡು ರೋಗ ಅನ್ಕೊಂಡಿದ್ದೆ, ಒಂದೇ ಇತ್ತು. ಸ್ಕ್ರೂ ತಿರುವಿದವರು ಬಾಗಿಲು ಇನ್ನಷ್ಟು ಮುಚ್ಚಿದ್ರು, ತೂತು ಹಂಗೇ ಬಿಟ್ರು. ತೂತು ದೊಡ್ಡದಾತು, ಸದ್ದು ಮತ್ತ ಬಂತು.

ಹೊಸಾ ಪೈಪು, ಕ್ಲಿಪ್ಪು, ಕೂಲಿ ಎಲ್ಲಾ ಸೇರಿ 650 ರೂಪಾಯಿ. ಸ್ಕ್ರೂನೂ ಮೊದಲಿನ ಜಾಗಕ್ಕ ತಂದ್ರು. ಎಲ್ಲಾ ಗಾಡಿಗೂ ಪೈಪೇ ಕಾರಣ ಅಂತಲ್ಲ. ಎಂಜಿನ್ ಬಿಸಿ ಅದನೋ ಥಂಡಿ ಅದನೋ ಹೇಳೋ ಸೆನ್ಸರ್ ಕೆಟ್ರೂ ಹಿಂಗ ಆಗ್ತದಂತ. ಥ್ರಾಟಲ್‌ದಾಗ ಹೊಲಸು ಕೂತ್ರೂ ಆಗ್ತದಂತ.

ಅವ್ರು ಕಲಿಸಿದ್ದು ಇನ್ನೊಂದು ಅದ, ನೀವೆಲ್ಲಾರೂ ಮಾಡಿ ನೋಡ್ರಿ. ಗಾಡಿ ಬಂದ್ ಇದ್ದಾಗ ಬ್ರೇಕನ್ನ ನಾಕೈದು ಸಲ ಒತ್ತಿದ್ರ ಗಟ್ಟಿ ಆಗ್ತದ. ಹಂಗೇ ಒತ್ತಿ ಹಿಡಕೊಂಡು ಚಾಲೂ ಮಾಡ್ರಿ. ಪೆಡಲ್ ಸ್ವಲ್ಪ ಕೆಳಗ ಇಳೀಬೇಕು. ಇಳೀಲಿಲ್ಲ ಅಂದ್ರ ಗಾಡಿ ರಸ್ತೆಗೆ ಒಯ್ಯಬ್ಯಾಡ್ರಿ, ಮೆಕ್ಯಾನಿಕ್ಕನ್ನೇ ಮನಿಗೆ ಕರೀರಿ.

ಮುಂದಿನ ಡಯಾಲಿಸಿಸ್ ದಿನ ಸಿಗ್ನಲ್‌ದಾಗ ನಿಂತಾಗ ಅತ್ತಿಯವರು ಕೇಳಿದ್ರು, "ಗಾಡಿ ಬಂದ್ ಬಿತ್ತೇನ?" ಇಲ್ಲ ಅಂದೆ. ಅವ್ರು ಕೈ ತೊಡಿ ಮ್ಯಾಲೆ ಇಟ್ಕೊಂಡು ಹಿಂದಕ್ಕ ಆತುಕೊಂಡ್ರು, ಉಣಕಲ್ ಬರೋದರಾಗ ನಿದ್ದಿ ಹತ್ತಿತ್ತು.

ಎಳನೀರಿನ ಗಾಡಿಯ ಮಾತು ನಮ್ಮವರಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿ ಬೈತಾರ. ಬೈಯ್ಲಿ, ಒಂದು ತಿಂಗಳು ಸುಮ್ಮ ಓಡಿಸಿದ್ದಕ್ಕ ಬೈಸ್ಕೊಳ್ಳೋದು ನ್ಯಾಯನೇ ಅದ.